ಮುಕಾದಮ ಪಾಸು ಮಾಡಿದ ಕಾದಂಬರಿ

ನನಗೊಂದು ಕೆಟ್ಟ ಚಾಳಿ ಇದೆ. ಯಾರ ಮುಂದಾದರೂ ಏನಾದರೂ ಓದುವಾಗ ಕೇಳುವವರ ಮುಖ ನೋಡುವುದಿಲ್ಲ, ಕೈ ನೋಡುತ್ತೇನೆ. ಮೊನ್ನೆ ಒಂದು ಸಾಹಿತ್ಯ ಸಮಾರಂಭದಲ್ಲಿ ಮುಂದಿನ ಸಾಲಿನಲ್ಲೊಬ್ಬ ಹೆಣ್ಣುಮಗಳು ಸ್ವೆಟರ್ ಹೆಣೆಯುತ್ತ ಕೂತಿದ್ದಳು. ಉಳಿದವರೆಲ್ಲ ಚಪ್ಪಾಳೆ ತಟ್ಟಿದರೂ ನನ್ನ ಲಕ್ಷ್ಯ ಆಕೆಯ ಸೂಜಿಗಳ ಮೇಲೆಯೇ. ಮೂರು ಪುಟ ಓದಿದೆ, ಸೂಜಿ ಒಮ್ಮೆಯೂ ನಿಲ್ಲಲಿಲ್ಲ. ಅಂದು ಮನೆಗೆ ಬಂದು ಊಟವೇ ಸೇರಲಿಲ್ಲ. ಮನೆಯಾಕೆ ಮೆಂತೆಪಲ್ಲೆ ಸೋಸುತ್ತ ಕೂತರೆ ಸಾಕು, ಹೊಸದಾಗಿ ಬರೆದದ್ದನ್ನು ಹಿಡಿದುಕೊಂಡು ಎದುರಿಗೆ ಹೋಗಿ ಕೂಡುತ್ತೇನೆ. ಆಕೆಗೆ ಈ ಗುಟ್ಟು ತಿಳಿದುಬಿಟ್ಟಿದೆ. "ಇಲ್ಲೇ ಕೈ ನಿಲ್ಲಸ್ಬೇಕೇನ್ರಿ?" ಎಂದು ಕೇಳಿ, ಬೇಕೆಂದೇ ಇನ್ನಷ್ಟು ಜೋರಾಗಿ ಸೋಸುತ್ತಾಳೆ.

ಈ ಚಾಳಿ ನನಗೆ ಅಂಟಿದ್ದು ನಿಪ್ಪಾಣಿಯಲ್ಲಿ, ಎಂಬತ್ತೆಂಟೋ ಎಂಬತ್ತೊಂಬತ್ತೋ ಇರಬೇಕು, ಒಂದು ತಂಬಾಕಿನ ವಖಾರದಲ್ಲಿ, ಅಂದರೆ ಗೋದಾಮಿನಲ್ಲಿ. ಆಗ ನಾನು ರಾಯಬಾಗದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಪತ್ರಿಕೆಗಳಲ್ಲಿ ನನ್ನ ಎರಡು ಕಥೆ ಬಂದಿದ್ದವು. ಎರಡು ಕಥೆ ಬಂದವನಿಗೆ ಇರುವ ಗತ್ತು ಇಪ್ಪತ್ತು ಪುಸ್ತಕ ಬರೆದವನಿಗೂ ಇರುವುದಿಲ್ಲ. ಹೆಗಲ ಚೀಲವಿಲ್ಲದೆ ನಾನು ಹಿಟ್ಟಿನ ಗಿರಣಿಗೂ ಹೋಗುತ್ತಿರಲಿಲ್ಲ.

ನಿಪ್ಪಾಣಿಯಲ್ಲಿ ತಂಬಾಕಿನ ದೊಡ್ಡ ವ್ಯಾಪಾರಿಯೊಬ್ಬರಿದ್ದರು. ಊರೆಲ್ಲ ಅವರನ್ನು ತಾತ್ಯಾಸಾಹೇಬರೆಂದು ಕರೆಯುತ್ತಿತ್ತು. ಮೂತ್ರಪಿಂಡದ ಹರಳು ತೆಗೆಸಲು ಪುಣೆಯ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಪಕ್ಕದ ಹಾಸಿಗೆಯವನು ಬಿಟ್ಟು ಹೋದ ಮರಾಠಿ ಮಾಸಿಕವೊಂದನ್ನು ಅವರು ಓದಿದರು. ಪರದೇಶದ ಶ್ರೀಮಂತರು ಕವಿಗಳನ್ನೂ ಚಿತ್ರಕಾರರನ್ನೂ ಸಂಗೀತಗಾರರನ್ನೂ ಕರೆದು ತಂದು, ಮನೆ ಕೊಟ್ಟು, ಊಟ ಹಾಕಿ, ನಿಮ್ಮ ಕೃತಿ ಮುಗಿಯುವ ತನಕ ಇಲ್ಲೇ ಇರಿ ಎನ್ನುತ್ತಾರಂತೆ. ತಾತ್ಯಾಸಾಹೇಬರಿಗೆ ಇದು ಬಹಳ ಹಿಡಿಸಿತು. ಹರಳು ಬಿದ್ದರೆ ನಾನೂ ಹೀಗೊಂದು ಪುಣ್ಯದ ಕೆಲಸ ಮಾಡುತ್ತೇನೆಂದು ದೇವರಿಗೆ ಮಾತು ಕೊಟ್ಟರು. ಹರಳು ಬಿತ್ತು. ನಮ್ಮ ಭಾಗದ ಸಾಹಿತ್ಯ ಸಂಗೀತಗಳ ಉದ್ಧಾರ ಶುರುವಾದದ್ದು ಹೀಗೆ.

ಖಾಲಿ ಬಿದ್ದಿದ್ದ ಒಂದು ವಖಾರಕ್ಕೆ ಸುಣ್ಣ ಹೊಡೆಸಿ, ತಗಡು ಬಡಿದು ಮೂರು ಕೋಣೆ ಮಾಡಿಸಿ, 'ಕಲಾನಿವಾಸ' ಎಂದು ಹೆಸರಿಟ್ಟರು. ಎರಡು ತಿಂಗಳ ವಸತಿ. ಲೇಖಕನೆಂದು ನಾನು. ಚಿತ್ರಕಾರನೆಂದು ಅಥಣಿಯ ಪೇಂಟರ್ ರಸೂಲ್. ಅಲ್ಲಿಯ ತನಕ ಲಾರಿಗಳ ಹಿಂದೆ ನವಿಲು ಬರೆಯುತ್ತಿದ್ದವ, ಆದರೆ ನವಿಲು ಮಾತ್ರ ಹಾರಿ ಬರುವಂತಿರುತ್ತಿತ್ತು. ಸಂಗೀತ ರಚನೆಗೆಂದು ಚಿಕ್ಕೋಡಿಯ ಬ್ಯಾಂಡ್ ಮಾಸ್ತರ್ ಶಂಕ್ರಪ್ಪ. ಇಪ್ಪತ್ತು ವರ್ಷ ಮದುವೆಗಳಲ್ಲಿ ಕ್ಲಾರಿನೆಟ್ ಊದಿದ ಆತನಿಗೆ ಜೀವನದಲ್ಲಿ ಒಂದಾದರೂ ನಿಧಾನದ ರಚನೆ ಮಾಡಬೇಕೆಂಬ ಆಸೆ ಇತ್ತು.

ನಾನು ಸಂಬಳವಿಲ್ಲದ ರಜೆ ಹಾಕಿ, ರಾಯಬಾಗದ ಬಸ್ ಸ್ಟ್ಯಾಂಡಿನಲ್ಲಿ ಹಾರ ಹಾಕಿಸಿಕೊಂಡು ಹೊರಟೆ. ಕಾದಂಬರಿ ತಂದೇ ತರುತ್ತೇನೆಂದು ಹೆಡ್‌ಮಾಸ್ತರರಿಗೆ, ಹೆಂಡತಿಗೆ, ಕಂಡಕ್ಟರನಿಗೆ ಕೂಡ ಹೇಳಿದ್ದೆ. ಮಾಸ್ತರ ಸಾಲಿ ಬಿಟ್ಟು ಬೀಡಿ ಕಟ್ಟಲು ನಿಪ್ಪಾಣಿಗೆ ಹೋದ ಎಂಬ ಸುದ್ದಿ ವಾರದೊಳಗೆ ಹುಟ್ಟೂರು ಅಂಕಲಿಯವರೆಗೆ ಮುಟ್ಟಿತು. ಸುದ್ದಿ ತೀರಾ ಸುಳ್ಳೂ ಆಗಿರಲಿಲ್ಲ ಎಂಬುದು ನಿಮಗೆ ಮುಂದೆ ತಿಳಿಯುತ್ತದೆ.

ಮೊದಲ ದಿನ ತಾತ್ಯಾಸಾಹೇಬರು ನಮ್ಮ ಮೂವರಿಗೂ ಟಾವೆಲ್ಲು ಟೋಪಿ ಹಾಕಿ, ಅಡಿಕೆ ಕತ್ತರಿಸುತ್ತ ಹೇಳಿದರು: "ಆ ಮಾಸಿಕದಾಗ ಮೂರ ಮಾತ ಬರದಿದ್ರು ನೋಡ್ರಿ. ಮನಿ ಕೊಡಬೇಕು, ಊಟ ಕೊಡಬೇಕು, ಆಮ್ಯಾಲ ಕಲಾವಿದರನ್ನ ಅವರ ಪಾಡಿಗೆ ಬಿಟ್ಟಬಿಡಬೇಕು. ಮೊದಲನೇವು ಎರಡೂ ಬರೋಬರ್ ಅದಾವು. ಮೂರನೇದು ನನ್ನ ಮನಸಿಗೆ ಬರ್ಲಿಲ್ಲ. ಎಮ್ಮಿ ತಂದು ಕಟ್ಟಿ, ಮೇವು ಹಾಕಿ, ಹಾಲ ಹಿಂಡೂದ ಅದರ ಪಾಡಿಗೆ ಬಿಡ್ತಾರೇನ್ರಿ ಯಾರರೆ? ಅದಕ್ಕ ನಮ್ಮ ಬಾಳು ಮುಕಾದಮನ್ನ ಇಟ್ಟೇನಿ."

ಬಾಳು ಮುಕಾದಮ ಪಕ್ಕದ ಶೆಡ್ಡಿನ ಮೇಲ್ವಿಚಾರಕ. ಅಲ್ಲಿ ಇಪ್ಪತ್ತು ಹೆಂಗಸರು ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಸಂಜೆಯಾದರೆ ಮುಕಾದಮ ಒಬ್ಬೊಬ್ಬಳ ಕಟ್ಟಿನಿಂದಲೂ ನಾಲ್ಕಾರು ಬೀಡಿ ಎಳೆದು, ಬೆರಳಲ್ಲಿ ಒತ್ತಿ, ಸಡಿಲಾಗಿದ್ದವನ್ನು "ಛಾಟ" ಎಂದು ಬುಟ್ಟಿಗೆ ಒಗೆಯುತ್ತಿದ್ದ. ಛಾಟ ಆದದ್ದು ಕಟ್ಟಿದವಳಿಗೆ ಮರಳುವುದಿಲ್ಲ. ಬುಟ್ಟಿಗೆ ಬಿದ್ದ ಮೇಲೆ ಅದು ಕಾರಖಾನೆಯದು. ಮೂವತ್ತು ವರ್ಷ ಇದನ್ನೇ ಮಾಡಿದ ಮನುಷ್ಯ. ಕಲಾವಿದರನ್ನು ನೋಡಿಕೊಳ್ಳುವುದಕ್ಕೆ ಬೇರೆ ರೀತಿ ಇರಬಹುದೆಂದು ಅವನಿಗೆ ಹೊಳೆಯಲೇ ಇಲ್ಲ, ನಮ್ಮ ದಾನಿಗಳಿಗೂ ಹೊಳೆಯಲಿಲ್ಲ.

ಮೊದಲ ಸಂಜೆ ರಸೂಲನ ಚಿತ್ರದ ಮೇಲೆ ಬೆರಳಾಡಿಸಿದ. ಬಣ್ಣ ಬೆರಳಿಗೆ ಹತ್ತಿತು. "ಹಸಿ ಐತಿ, ಛಾಟ" ಎಂದ. ಚಿತ್ರ ಬುಟ್ಟಿಗೆ ಹಿಡಿಸದೆ ಅಲ್ಲೇ ಉಳಿಯಿತು. ಮರುದಿನ ಒಣಗಿತ್ತು, ಪಾಸಾಯಿತು. ರಸೂಲ್ ಬುದ್ಧಿವಂತ. ಆಮೇಲೆ ಪ್ರತಿ ಚಿತ್ರವನ್ನೂ ಎರಡು ದಿನ ಬಿಸಿಲಿಗೆ ಹಾಕಿಯೇ ತೋರಿಸುತ್ತಿದ್ದ. ಆ ಮೊದಲ ಸಂಜೆ ಬಿಟ್ಟರೆ ಎರಡು ತಿಂಗಳಲ್ಲಿ ಅವನದೊಂದೂ ಛಾಟ ಆಗಲಿಲ್ಲ.

ನನ್ನ ಸರದಿ ಬಂತು. ಮುಕಾದಮ ನನ್ನ ನಾಲ್ಕು ಪುಟಗಳನ್ನು ತೆಗೆದುಕೊಂಡು, ಒಂದರ ಅಂಚನ್ನು ಬೆರಳಲ್ಲಿ ಒತ್ತಿ ನೋಡಿ, ವಾಪಸು ಕೊಟ್ಟ.

"ನಾ ಮರಾಠಿ ನಾಕನೇ ಇಯತ್ತೆ. ಕನ್ನಡ ಮಾತಾಡ್ತೇನಿ, ಓದಾಕ ಬರಾಂಗಿಲ್ಲ. ನೀವ ಓದ್ರಿ. ಮಾಲ್ ಹೆಂಗೈತಿ ನಾ ನೋಡ್ತೇನಿ."

ಶೆಡ್ಡು ಬಿಟ್ಟು ಬರಲು ಅವನಿಗೆ ಆಗುತ್ತಿರಲಿಲ್ಲ. ಹೀಗಾಗಿ ನಾನೇ ಶೆಡ್ಡಿಗೆ ಹೋಗಿ, ಬಾಗಿಲ ಹತ್ತಿರ ನಿಂತು, ಇಪ್ಪತ್ತು ಹೆಂಗಸರ ಎದುರು ಓದಿದೆ. ತಂಬಾಕಿನ ಧೂಳಿಗೆ ಪುಟಕ್ಕೆ ಎರಡರಂತೆ ಸೀನುತ್ತಿದ್ದೆ. ಸೀನಿದಾಗಲೆಲ್ಲ ಅಲ್ಲೊಂದು ಪ್ಯಾರಾ ಮುಗಿಯಿತೆಂದು ಅವರು ತಿಳಿದರು.

ನನ್ನ ಕಾದಂಬರಿಯ ನಾಯಕಿ ಮಾಲಿನಿ. ಸಮುದ್ರದ ದಂಡೆಯ ಬಂಗಲೆಯಲ್ಲಿ ಕೂತು ವೀಣೆ ನುಡಿಸುತ್ತ ವಿರಹ ಪಡುವವಳು. ನಾನು ಸಮುದ್ರ ನೋಡಿರಲಿಲ್ಲ, ವೀಣೆಯನ್ನು ಕ್ಯಾಲೆಂಡರಿನಲ್ಲಿ ನೋಡಿದ್ದೆ, ವಿರಹವಂತೂ ಆ ಎರಡು ತಿಂಗಳು ಬಿಟ್ಟರೆ ಗೊತ್ತೇ ಇರಲಿಲ್ಲ. ಓದುವಾಗ ನೋಡುತ್ತೇನೆ, ಇಪ್ಪತ್ತು ಜೊತೆ ಕೈಗಳು ಕತ್ತರಿಸುತ್ತ, ತುಂಬುತ್ತ, ಸುತ್ತುತ್ತ, ದಾರ ಕಟ್ಟುತ್ತ ಒಂದೇ ಸಮ ನಡೆದಿವೆ. ಓದು ಮುಗಿದಾಗ ಮುಕಾದಮ, "ಪಾಸ್. ಎಲ್ಲಾ ಒಂದೇ ನಮೂನಿ ಮಾಲ್ ಐತಿ" ಎಂದ. ನಾನು ಎದೆಯುಬ್ಬಿಸಿಕೊಂಡು ಕೋಣೆಗೆ ಬಂದೆ.

ಅವನ ಅಳತೆ ಏನೆಂದು ತಿಳಿದದ್ದು ಶಂಕ್ರಪ್ಪನಿಂದ. ಅವನು ತನ್ನ ನಿಧಾನದ ರಚನೆ ಊದಿದ ದಿನ ಹೆಂಗಸರ ಕೈಗಳೂ ನಿಧಾನವಾದವು. ಮುಕಾದಮ ಛಾಟ ಎಂದ. ಸಿಟ್ಟಿನಿಂದ ಶಂಕ್ರಪ್ಪ ಅದನ್ನೇ ಮದುವೆ ಮೆರವಣಿಗೆಯ ಓಟದಲ್ಲಿ ಊದಿದ. ಕೈಗಳು ಮಶೀನಿನಂತೆ ಓಡಿದವು. ಆ ದಿನ ಶೆಡ್ಡಿನಲ್ಲಿ ಹಿಂದೆಂದೂ ಆಗದಷ್ಟು ಬೀಡಿ ಆದವಂತೆ. ಮುಕಾದಮ ಶಂಕ್ರಪ್ಪನಿಗೆ ತನ್ನ ಮನೆಯಿಂದ ತುಪ್ಪದ ಹೋಳಿಗೆ ತರಿಸಿ ತಿನ್ನಿಸಿದ. ಹೋಳಿಗೆ ತಿನ್ನುತ್ತ ಆ ಬಡಪಾಯಿಯ ಕಣ್ಣಲ್ಲಿ ನೀರಿತ್ತು.

ಅಂದರೆ ಯಾವುದನ್ನು ಕೇಳಿ ಕೈ ನಿಲ್ಲುತ್ತದೋ ಅದು ಛಾಟ. ಕೈ ನಿಲ್ಲಿಸದ್ದು ಪಾಸು. ನನ್ನ ಮಾಲಿನಿ ದಿನಾಲೂ ಪಾಸಾಗುತ್ತಿದ್ದಳು. ಎರಡು ತಿಂಗಳು ಮುಗಿದ ಮೇಲೆ ಪಾಸಾದ ಪುಟಗಳನ್ನಷ್ಟೇ ತಾತ್ಯಾಸಾಹೇಬರು ಪುಸ್ತಕ ಮಾಡಿಸುವವರಿದ್ದರು.

ಹೆಂಗಸರಲ್ಲಿ ಹಿರಿಯಳು ಅಕ್ಕಾತಾಯಿ. ಕೈಗೆ ಎಷ್ಟು ವೇಗವೋ ಬಾಯಿಗೆ ಅದಕ್ಕಿಂತ ಒಂದು ಕೈ ಹೆಚ್ಚು. "ಮಾಸ್ತರ, ಈ ನಿಮ್ಮ ಮಾಲಿನಿಗೆ ಅಡಗಿ ಯಾರ ಮಾಡಿ ಹಾಕ್ತಾರ್ರಿ?" ಎಂದು ಒಂದು ದಿನ ಕೇಳಿದಳು. ನಾನು ಯೋಚಿಸಿರಲಿಲ್ಲ. ಮರುದಿನ ಒಬ್ಬ ಅಡುಗೆಯವನನ್ನು ಸೇರಿಸಿದೆ. "ಅಂವಾ ಏನ ಅಡಗಿ ಮಾಡ್ತಾನ? ಸಮುದ್ರದ ದಂಡಿ ಅಂತೀರಿ, ಮೀನ ತಿಂತಾಳೋ ಇಲ್ಲೋ?" ಹೀಗೆ ಆ ಇಪ್ಪತ್ತು ಜನ ಸೇರಿ ಮಾಲಿನಿಗೆ ಮೀನು ತಿನ್ನಿಸಿ, ವೀಣೆಯನ್ನು ಮೂಲೆಗಿಡಿಸಿ, ಒಂದು ಆಡು ಸಾಕಿಸಿದರು. ಆದರೂ ಕೈ ಮಾತ್ರ ಯಾರದೂ ನಿಲ್ಲಲಿಲ್ಲ.

ಒಂದು ದಿನ ಮಾಲಿನಿ ಮುಂದೆ ಹೆಜ್ಜೆಯಿಡಲೊಲ್ಲೆ ಎಂದಳು. ಸಂಜೆಯ ತಪಾಸಣೆಗೆ ಏನಾದರೂ ಬೇಕಲ್ಲ. ಕೈಗೆ ಬಂದದ್ದನ್ನು ಬರೆದೆ. ಬಂದದ್ದು ನಮ್ಮವ್ವ.

ಅಂಕಲಿಯಲ್ಲಿ ನಮ್ಮದು ಎಮ್ಮೆ ಸಾಕುವ ಮನೆ. ನಾನು ಎರಡನೆಯ ಇಯತ್ತೆ ಇದ್ದಾಗ ಅವ್ವ ಎಮ್ಮೆ ಮೇಯಿಸುವ ನೆಪದಲ್ಲಿ ದಿನಾಲೂ ಸಾಲಿಯ ಕಿಟಕಿಗೆ ಬಂದು ನಿಲ್ಲುತ್ತಿದ್ದಳು. ಎಮ್ಮೆ ಗೋಡೆಗೆ ಬೆನ್ನು ತಿಕ್ಕುತ್ತಿತ್ತು, ಅವ್ವ ಮಗ್ಗಿ ಕಲಿಯುತ್ತಿದ್ದಳು. ಮಾಸ್ತರರಿಗೂ ರೂಢಿಯಾಗಿಬಿಟ್ಟಿತ್ತು. ಅವರು ಹಾಜರಿ ಕರೆದು ಮುಗಿಸಿ ಒಮ್ಮೆ ಕಿಟಕಿಯ ಕಡೆ ನೋಡುತ್ತಿದ್ದರು. ವಾರಕ್ಕೊಂದು ಮಗ್ಗಿ. ಹದಿಮೂರಕ್ಕೆ ಬಂದಾಗ ಸಾಲಿಗಳ ಇನ್ಸ್‌ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದರು. "ಹದಿಮೂರ ಎಂಟ್ಲೆ?" ಎಂದು ಕೇಳಿದರು. ನಾವು ನಲವತ್ತು ಹುಡುಗರು ಚಾವಣಿ ನೋಡಿದೆವು. ಕಿಟಕಿಯಿಂದ "ನೂರಾ ನಾಕ್ರಿ" ಎಂದು ಉತ್ತರ ಬಂತು. ಸಾಹೇಬರು ತಿರುಗಿ ನೋಡಿದರು. ಅಲ್ಲಿ ಎಮ್ಮೆಯ ಮುಖ ಒಂದು, ನಮ್ಮವ್ವನ ಮುಖ ಒಂದು. ಸಾಹೇಬರು ಯಾವುದು ಹೇಳಿತೆಂದು ಕ್ಷಣ ಗಲಿಬಿಲಿಯಾಗಿ, ಆಮೇಲೆ ನಕ್ಕು, ತಮ್ಮ ಕಿಸೆಯ ಪೆನ್ಸಿಲನ್ನು ಕಿಟಕಿಯಿಂದ ಅವ್ವನಿಗೆ ಕೊಟ್ಟರು. ಮರುದಿನ ಅವ್ವ ಪೆನ್ಸಿಲನ್ನು ಸೆರಗಿಗೆ ಕಟ್ಟಿಕೊಂಡು ಬಂದಾಗ ಕಿಟಕಿ ಮುಚ್ಚಿತ್ತು.

ಇಷ್ಟನ್ನು ಓದಿ ತಲೆಯೆತ್ತಿದೆ. ಶೆಡ್ಡಿನಲ್ಲಿ ಒಂದು ಕೈಯೂ ಆಡುತ್ತಿರಲಿಲ್ಲ. ಕತ್ತರಿಗಳು ಎಲೆಯ ಮೇಲೆ ಹಾಗೇ ನಿಂತಿದ್ದವು. ಒಬ್ಬ ಬರಹಗಾರನಿಗೆ ಇದಕ್ಕಿಂತ ದೊಡ್ಡ ಸುಖ ಇಲ್ಲವೆಂದು ಈಗಲೂ ನಾನು ನಂಬಿದ್ದೇನೆ.

"ಛಾಟ!" ಎಂದ ಮುಕಾದಮ. ಬಂದು ಆ ಪುಟಗಳನ್ನು ಕಿತ್ತುಕೊಂಡು, ಅಂದು ಬಿದ್ದ ಸಡಿಲ ಬೀಡಿಗಳ ಬುಟ್ಟಿಗೆ ಹಾಕಿದ.

"ಪುಢ ಕಾಯ್? ಮುಂದೇನಾತ್ರಿ?" ಎಂದಳು ಅಕ್ಕಾತಾಯಿ. "ಕಿಟಕಿ ಯಾರ ಮುಚ್ಚಿದ್ರು?"

"ಮಾಸ್ತರು" ಎಂದೆ.

"ಹಾಳಾಗಿ ಹೋಗ್ಲಿ ಅವನ ಮಾರಿ!" ಎಂದು ಇಪ್ಪತ್ತು ಬಾಯಿಗಳು ಒಮ್ಮೆಲೇ ಆ ಮಾಸ್ತರರಿಗೆ ಶಾಪ ಹಾಕಿದವು.

ನಿಮ್ಮ ಮುಂದೆ ಸುಳ್ಳು ಬೇಡ. ಮುಚ್ಚಿದ್ದು ನಾನು. ಸಾಹೇಬರು ಹೋದ ಮೇಲೆ ಹುಡುಗರು ನನ್ನನ್ನು 'ಎಮ್ಮಿ ಮಗ' ಎಂದು ಕರೆಯತೊಡಗಿದ್ದರು. ಮರುದಿನ ಎಲ್ಲರಿಗಿಂತ ಮೊದಲು ಹೋಗಿ, ಬೆಂಚು ಹತ್ತಿ, ಆ ಕಿಟಕಿಯ ಎರಡೂ ಕದಗಳನ್ನು ಎಳೆದು ಒಳಗಿನಿಂದ ಚಿಲಕ ಹಾಕಿದೆ. ಮಾಸ್ತರರು ಗಾಳಿಗೆಂದು ತೆಗೆಯಲು ಹೋದರೆ ನನಗೆ ಜ್ವರ, ಚಳಿ ಎಂದು ಹೇಳಿದೆ. ಆಮೇಲೆ ವಾರಗಟ್ಟಲೆ ಅದು ಮುಚ್ಚಿಯೇ ಇತ್ತು. ಹೊರಗೆ ಎಮ್ಮೆ ಗೋಡೆ ತಿಕ್ಕುವ ಸಪ್ಪಳ ಬಂದಾಗ ನಾನು ಇನ್ನೂ ಗಟ್ಟಿಯಾಗಿ ಮಗ್ಗಿ ಒದರಿದೆ. ಮನೆಯಲ್ಲಿ ಅವ್ವ ಏನೂ ಕೇಳಲಿಲ್ಲ. ಪೆನ್ಸಿಲನ್ನು ನನಗೇ ಕೊಟ್ಟಳು. ಆ ಪೆನ್ಸಿಲಿನಿಂದಲೇ ನಾನು ಪಾಸಾದೆ, ಮುಂದೆ ಮಾಸ್ತರನೂ ಆದೆ. ಇದನ್ನು ಹೆಂಡತಿಗೂ ಹೇಳಿರಲಿಲ್ಲ. ನಾಚಿಕೆ ಎಂಬುದು ಎಷ್ಟು ವರ್ಷವಾದರೂ ಹಳೆಯದಾಗುವುದಿಲ್ಲ.

ಮರುದಿನ ಪುಟಗಳನ್ನು ವಾಪಸು ಕೊಡೆಂದು ಮುಕಾದಮನನ್ನು ಕೇಳಿದೆ. ನನ್ನ ಹತ್ತಿರ ಬೇರೆ ಪ್ರತಿ ಇರಲಿಲ್ಲ. "ಛಾಟ ವಾಪಸ್ ಕೊಡೂ ಪದ್ಧತಿ ಇಲ್ರಿ. ಇವರಿಗೆ ಕೊಡಾಂಗಿಲ್ಲ, ನಿಮಗ ಹೆಂಗ ಕೊಡ್ಲಿ?" ಎಂದ. ನ್ಯಾಯವಾಗಿಯೇ ಇತ್ತು. ಅವನು ಹೋದ ಮೇಲೆ ಅಕ್ಕಾತಾಯಿ ನನ್ನ ಕಡೆ ಬಾಗಿ ಹೇಳಿದಳು: "ಕೆಟ್ಟದ್ದು ಅಂತ ತಿಳ್ಕೊಬ್ಯಾಡ್ರಿ ಮಾಸ್ತರ. ಛಾಟದ ಬೀಡಿ ಅಂವಾ ಸ್ವತಃ ಸೇದತಾನ. ಕೆಟ್ಟ ಮಾಲ್ ಆದ್ರ ಸೇದತಿದ್ನೇನು?"

ನಾನು ಮತ್ತೆ ಮಾಲಿನಿಯ ಬೆನ್ನು ಹತ್ತಿದೆ. ಹೆಂಗಸರು ದಿನಾಲೂ ನಮ್ಮವ್ವನ ಸುದ್ದಿ ಕೇಳುತ್ತಿದ್ದರು, ನಾನು ನಾಳೆ ನಾಳೆ ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಒಳ್ಳೆಯ ಪುಟ ಕಳಕೊಂಡ ಸಂಕಟಕ್ಕಿಂತ, ಅದರ ಜೊತೆ ನನ್ನ ಸುಳ್ಳೂ ಬುಟ್ಟಿಯಲ್ಲಿ ಮುಚ್ಚಿಹೋಯಿತೆಂಬ ಸಮಾಧಾನವೇ ಹೆಚ್ಚಾಗಿತ್ತೆಂದು ಈಗ ಒಪ್ಪಿಕೊಳ್ಳಬೇಕು.

ಎರಡು ತಿಂಗಳು ಮುಗಿದವು. ಸಮಾರೋಪಕ್ಕೆ ತಾತ್ಯಾಸಾಹೇಬರಿಗೆ ಇನ್ನೊಂದು ಪುಣ್ಯದ ವಿಚಾರ ಹೊಳೆಯಿತು: ಕಲಾವಿದರನ್ನು ಹೆತ್ತವರಿಗೆ ಸನ್ಮಾನ. ನಮಗೆ ಹೇಳದೆ ಕೇಳದೆ ಬೆಳಿಗ್ಗೆಯೇ ಮೂರೂರಿಗೆ ಜೀಪು ಕಳಿಸಿಬಿಟ್ಟಿದ್ದರು. ಮಧ್ಯಾಹ್ನ ನಾನು ಕೋಟು ತೊಟ್ಟು ಹೊರಗೆ ಬಂದರೆ, ಜೀಪಿನಿಂದ ನಮ್ಮವ್ವ ಮೊಸರಿನ ಗಡಿಗೆ ಹಿಡಿದುಕೊಂಡು ಇಳಿಯುತ್ತಿದ್ದಳು. "ಬೀಡಿ ಕಟ್ಟೂದ ಕಲ್ತೀಯೇನೋ?" ಎಂದು ಕೇಳಿದಳು. ನಾನು ಗಡಿಗೆ ಇಸಿದುಕೊಳ್ಳುವುದು ಬಿಟ್ಟು ಶೆಡ್ಡಿನ ಕಡೆ ನೋಡಿದೆ.

ಸಮಾರಂಭ ಶೆಡ್ಡಿನಲ್ಲೇ. ಕೆಲಸ ನಿಲ್ಲಿಸಬೇಕಾಗಿಲ್ಲವೆಂದು ಮುಕಾದಮ ಮೊದಲೇ ವ್ಯವಸ್ಥೆ ಮಾಡಿದ್ದ. ಎತ್ತರದ ಮೇಜಿನ ಹಿಂದೆ ತಾತ್ಯಾಸಾಹೇಬರು, ಕೆಳಗೆ ಮೊರಗಳ ಸಹಿತ ಪ್ರೇಕ್ಷಕರು. ರಸೂಲನ ಒಣಗಿದ ಚಿತ್ರಗಳು ಗೋಡೆಗೆ ಏರಿದ್ದವು. ಶಂಕ್ರಪ್ಪ ತನ್ನ ರಚನೆಯನ್ನು ಓಟದಲ್ಲಿ ಊದಿ ಕೂತ. ರಸೂಲನ ತಂದೆಗೂ ಶಂಕ್ರಪ್ಪನ ತಂದೆಗೂ ಕುರ್ಚಿ ಹಾಕಿದ್ದರು. ಅವ್ವ ಮಾತ್ರ ಕುರ್ಚಿ ಒಲ್ಲೆ ಎಂದು ಹೋಗಿ ಹೆಂಗಸರ ನಡುವೆ ಕೂತಳು, ಅದೂ ಎಲ್ಲ ಬಿಟ್ಟು ಅಕ್ಕಾತಾಯಿಯ ಮಗ್ಗುಲಲ್ಲಿ. ಸುಮ್ಮನೆ ಕೂತು ರೂಢಿಯಿಲ್ಲದ ಜೀವ, ಆಕೆಯ ಎಲೆಗಳನ್ನು ಸಮ ಮಾಡಿ ಕೊಡತೊಡಗಿದಳು.

ನಾನು ಮಾಲಿನಿಯ ಕೊನೆಯ ಅಧ್ಯಾಯ ಓದುತ್ತಿದ್ದೆ. ಕಣ್ಣು ಪುಟದ ಮೇಲೆ, ಕಿವಿ ಆ ಮೂಲೆಗೆ. ಅಕ್ಕಾತಾಯಿ ಏನೋ ಕೇಳಿದಳು. ಅವ್ವ ಗದ್ದದಿಂದ ನನ್ನ ಕಡೆ ತೋರಿಸಿದಳು. ಅಷ್ಟೇ. ಅಕ್ಕಾತಾಯಿ ಮೊರ ಕೆಳಗಿಟ್ಟು ಎದ್ದು ನಿಂತಳು.

"ಏ ಮಾಸ್ತರ, ಸಾಕ್ ಮಾಡ್ರಿ ಆ ಮಾಲಿನಿನ್ನ! ಹದಿಮೂರ ಎಂಟ್ಲೆ ನೂರಾ ನಾಕ ಅಂದಾಕಿ ಇಲ್ಲೇ ಕುಂತಾಳಲ್ಲೋ ಮಾರಾಯಾ!"

ಶೆಡ್ಡಿನ ಕೈಗಳೆಲ್ಲ ನಿಂತವು. ತಾತ್ಯಾಸಾಹೇಬರ ಅಡಕತ್ತರಿ ಬಾಯಿ ತೆರೆದುಕೊಂಡೇ ಉಳಿಯಿತು. ಅವ್ವ ಎಲ್ಲರ ಮುಖ ನೋಡಿದಳು, ಏನೂ ತಿಳಿಯಲಿಲ್ಲ. ಅಕ್ಕಾತಾಯಿ ಆಕೆಗೆ ಇಡೀ ಕಥೆಯನ್ನು, ನಾನು ಬರೆದದ್ದಕ್ಕಿಂತ ಚೆನ್ನಾಗಿ, ಎಮ್ಮೆಯ ಮುಖದ ಸಹಿತ ಹೇಳಿ ಮುಗಿಸಿ, "ಆ ಹಾಳ ಮಾಸ್ತರ ನಿಮ್ಮ ಮಾರಿ ಮ್ಯಾಲ ಕಿಟಕಿ ಮುಚ್ಚಿದನಲ್ಲವ್ವ, ಅವನ ಕೈ ಸೇದಿ ಹೋಗ್ಲಿ" ಎಂದಳು.

ಅವ್ವ ಕೈಯಲ್ಲಿದ್ದ ಎಲೆಯನ್ನು ನಿಧಾನವಾಗಿ ಮೊರಕ್ಕಿಟ್ಟಳು.

"ಹಂಗ ಅನಬ್ಯಾಡವಾ. ಆ ಮಾಸ್ತರ ದೇವರಂಥಾ ಮನಷ್ಯಾ. ಅಂವಾ ಎಲ್ಲಿ ಮುಚ್ಚಾನು? ಗಾಳಿಗೆ ಮುಚ್ಚಿತ್ತು."

ಹೇಳುವಾಗ ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದರಿಂದಲೇ ನನಗೆ ತಿಳಿಯಿತು, ಇಪ್ಪತ್ತೈದು ವರ್ಷದಿಂದ ಆಕೆಗೆ ಎಲ್ಲ ಗೊತ್ತು. ಮಾಲಿನಿಯನ್ನು ಮೇಜಿನ ಮೇಲಿಟ್ಟೆ. ಇಡೀ ಶೆಡ್ಡಿಗೆ ಕೇಳುವಂತೆ ಹೇಳಿದೆ: "ಗಾಳಿ ಅಲ್ಲವ್ವಾ. ನಾನೇ ಮುಚ್ಚಿದ್ನಿ. ಹುಡುಗೂರು ನಗತಿದ್ರು. ನಿನ್ನ ನೋಡಿ ನನಗ ನಾಚಿಕಿ ಬಂದಿತ್ತು."

ಅಕ್ಕಾತಾಯಿ ನನ್ನನ್ನು ನೋಡಿದ ನೋಟ ನನ್ನ ವೈರಿಗೂ ಬೇಡ.

"ಇರ್ಲಿ ಬಿಡೋ" ಎಂದಳು ಅವ್ವ, ಊಟಕ್ಕೆ ತಡವಾಯಿತೆಂದು ನಾನು ಹೇಳಿದ್ದೆನೋ ಎಂಬಂತೆ. "ಮುಚ್ಚಿದ ಮ್ಯಾಲೂ ಕೇಳಸ್ತಿತ್ತು. ಹದಿನೇಳರ ಮಗ್ಗಿ ಮುಗಿಯೂತನಕ ನಾ ಅಲ್ಲೇ ನಿಂತಿದ್ನಿ."

ಅಕ್ಕಾತಾಯಿ ಆಕೆಯ ಕೈ ಹಿಡಿದು ಅಲ್ಲಾಡಿಸಿದಳು. "ಹೇಳವ್ವ. ಹೇಳು, ಕೇಳೋಣು."

ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಶುರು ಮಾಡಿದಳು. ಹದಿನೇಳ ಒಂದ್ಲೆ ಹದಿನೇಳ. ಹದಿನೇಳ ಎರಡ್ಲೆ ಮೂವತ್ನಾಕ. ಎಲ್ಲೂ ತಡೆಯಲಿಲ್ಲ. ನೂರಾ ಎಪ್ಪತ್ತು ಎಂದು ಮುಗಿಸುವವರೆಗೆ ಶೆಡ್ಡಿನಲ್ಲಿ ಒಂದು ಬೀಡಿಯೂ ಆಗಲಿಲ್ಲ, ಮುಕಾದಮ ಛಾಟ ಎನ್ನಲೂ ಇಲ್ಲ. ಒಳಗೆ ಬೆಂಚಿನ ಮೇಲೆ ಕೂತು ಕಲಿತ ನಾನು ಇವತ್ತಿಗೂ ಹದಿನೇಳ ಏಳ್ಲೆಯ ಹತ್ತಿರ ತಪ್ಪುತ್ತೇನೆ.